ಆಲದ ಮರಕ್ಕೆ ನೂಲು ಸುತ್ತೋರು, ಉಂಡಿ ಹಿಡಕೊಂಡು ಒಳಗ ನಿಲ್ಲೋರು

ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೇಳ್ತಾ ಇರೋರಿಗೆ, ಊಟ ಆದಮೇಲೆ ಇಯರ್‌ಫೋನ್ ಹಾಕ್ಕೊಂಡು ಮಾಳಿಗೆ ಮ್ಯಾಲೆ ಅಡ್ಡಾಡ್ತಾ ಕೇಳೋರಿಗೆ, ಕೇಳೋಕೆ ಆಗದೆ ಇಲ್ಲೇ ಓದ್ತಾ ಇರೋರಿಗೆ, ಎಲ್ಲರಿಗೂ.

ಇವತ್ತಿನ ವಿಷಯ ನೂಲು. ಹೌದು, ದಾರ. ಬರೀ ದಾರದ ಮೇಲೆ ಅರ್ಧ ತಾಸು ಏನ್ ಮಾತಾಡ್ತಾಳಪ್ಪಾ ಅನ್ಕೋಬೇಡಿ. ಮೊದಲು ಒಂದು ಮರ ತೋರಿಸ್ತೀನಿ.

ಜೂನ್ ತಿಂಗಳು, ಕಾರ ಹುಣ್ಣಿವಿ ಮರುದಿನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನಾಗ ಆಲದ ಮರ ಇರೋ ಯಾವ ಊರಿಗಾದರೂ ಹೋಗಿ. ಮರದ ಬೊಡ್ಡೆ ಸೊಂಟದ ಎತ್ತರದವರೆಗೆ ಬೆಳ್ಳಗಾಗಿರುತ್ತೆ. ಸಾವಿರಾರು ಸುತ್ತು ಹತ್ತಿ ನೂಲು. ಅದರ ಮೇಲೆ ಅರಿಶಿನ, ಕುಂಕುಮ, ಬುಡದಲ್ಲಿ ಮಾವಿನ ಹಣ್ಣು, ಬಾಳೆಹಣ್ಣು, ಆರಿ ಹೋದ ಊದಿನಕಡ್ಡಿ. ಹಿಂದಿನ ದಿನ ಊರಿನ ಅಷ್ಟೂ ಹೆಂಗಸರು ಹಸಿರು ಸೀರೆ ಉಟ್ಟು ಬಂದು ಏಳೇಳು ಸುತ್ತು ಸುತ್ತಿ ಹೋಗಿರ್ತಾರೆ. ಅದೇ ಊರಿನ ಅಗಸಿಯ ಹತ್ತಿರ ಅದೇ ದಿನ ಗಂಡಸರು ಎತ್ತುಗಳ ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಬಣ್ಣದ ದಾರದ ಗೊಂಡೆ ಕಟ್ಟಿ ಕರಿ ಹರಿಸಿರ್ತಾರೆ. ಕರ್ನಾಟಕದ ಎಷ್ಟೋ ಕಡೆ ಕಾರ ಹುಣ್ಣಿವಿ ಅಂದ್ರೆ ಎತ್ತಿನ ಹಬ್ಬ. ನಮ್ಮ ಗಡಿ ಭಾಗದಲ್ಲಿ ಎತ್ತುಗಳ ಕಾರ ಹುಣ್ಣಿವಿ, ಹೆಂಗಸರ ವಟ ಸಾವಿತ್ರಿ ಎರಡೂ ಒಂದೇ ದಿನ. ಒಂದೇ ಊರಿನಾಗ ಎರಡು ಹಬ್ಬ, ಎರಡರಾಗೂ ದಾರ.

ಈಗ ಈ ಮರದ ಫೋಟೋನ ಹೊರದೇಶದ ಯಾವುದಾದರೂ ಕಲಾವಿದೆಗೆ ತೋರಿಸಿದ್ರೆ, ಆಕೆ 'ಓ, ಯಾರ್ನ್ ಬಾಂಬಿಂಗ್!' ಅಂತಾಳೆ.

ಆ ಹೆಸರು ಕೇಳಿ ಹೆದರಬೇಡಿ, ಸಿಡಿಯೋದು ಏನೂ ಇಲ್ಲ. 2005ರಲ್ಲಿ ಅಮೆರಿಕದ ಹ್ಯೂಸ್ಟನ್ ಊರಿನಲ್ಲಿ ಮಗ್ದಾ ಸಾಯೆಗ್ ಅನ್ನೋ ಹೆಂಗಸು ತನ್ನ ಅಂಗಡಿ ಬಾಗಿಲಿನ ಹಿಡಿಕೆಗೆ ಉಲನ್ ದಾರದಲ್ಲಿ ಹೆಣೆದ ಒಂದು ಕವಚ ಹಾಕಿದಳು. ಹೋಗೋ ಬರೋರೆಲ್ಲ ನಿಂತು ಮುಟ್ಟಿ ನೋಡಿದ್ರು. ಆಮೇಲೆ ಸೈನ್‌ಬೋರ್ಡ್ ಕಂಬಕ್ಕೆ ಹಾಕಿದಳು, ಮರಕ್ಕೆ ಹಾಕಿದಳು, ಅದು ಊರೂರಿಗೆ ಹಬ್ಬಿತು. ಕೆಲಸದ ರೀತಿ ಸರಳ: ಮನೆಯಲ್ಲಿ ಕೂತು ಅಳತೆಗೆ ಹೆಣೀತಾರೆ, ರಾತ್ರಿ ಹೋಗಿ ಕಂಬಕ್ಕೆ ಸುತ್ತಿ ಹೊಲೀತಾರೆ, ಅಷ್ಟೇ. ಗೋಡೆಗೆ ಪೇಂಟ್ ಬಳಿದರೆ ಪೊಲೀಸರು ಹಿಡೀತಾರೆ, ಸ್ವೆಟರ್ ಹಾಕಿದ ಕಂಬ ನೋಡಿದರೆ ಅವರೂ ನಗ್ತಾರೆ. ಅದೇ ಅದರ ಶಕ್ತಿ.

ಬರೀ ಚೆಂದಕ್ಕೆ ಮಾಡೋರು ಬಹಳ ಜನ, ಅವರ ಬಗ್ಗೆ ನನಗೆ ಹೇಳೋದು ಹೆಚ್ಚೇನಿಲ್ಲ. ಆದರೆ 2006ರಲ್ಲಿ ಡೆನ್ಮಾರ್ಕಿನ ಮರಿಯಾನ್ನೆ ಯೋರ್ಗೆನ್ಸೆನ್ ಅನ್ನೋ ಕಲಾವಿದೆ ಎರಡನೇ ಮಹಾಯುದ್ಧದ ಕಾಲದ ಒಂದು ಯುದ್ಧ ಟ್ಯಾಂಕ್ ತಂದು ಕೋಪನ್‌ಹೇಗನ್‌ನಲ್ಲಿ ನಿಲ್ಲಿಸಿ, ಇಡೀ ಟ್ಯಾಂಕಿಗೆ ಗುಲಾಬಿ ಬಣ್ಣದ ಹೊದಿಕೆ ಹೊದಿಸಿದಳು. ಬೇರೆ ಬೇರೆ ದೇಶದ ಜನ ಹೆಣೆದು ಕಳಿಸಿದ ನಾಲ್ಕು ಸಾವಿರಕ್ಕೂ ಹೆಚ್ಚು ಚೌಕ ತುಂಡುಗಳನ್ನು ಕೂಡಿಸಿ ಮಾಡಿದ್ದು ಅದು. ಇರಾಕ್ ಯುದ್ಧಕ್ಕೆ ತನ್ನ ದೇಶ ಸೈನ್ಯ ಕಳಿಸಿದ್ದಕ್ಕೆ ಆಕೆಯ ವಿರೋಧ. ಅದಕ್ಕೂ ಮೊದಲೇ, 1981ರಿಂದ, ಇಂಗ್ಲೆಂಡಿನ ಗ್ರೀನ್‌ಹ್ಯಾಮ್ ಕಾಮನ್ ಅನ್ನೋ ಕಡೆ ಅಣ್ವಸ್ತ್ರ ಕ್ಷಿಪಣಿ ಇಡೋ ವಾಯುನೆಲೆಯ ಬೇಲಿ ಹೊರಗೆ ಹೆಂಗಸರು ಗುಡಾರ ಹಾಕಿ ಕೂತಿದ್ದರು. ಅವರು ಬೇಲಿಗೆ, ಗೇಟಿಗೆ ಉಲನ್ ದಾರದಿಂದ ಜೇಡರ ಬಲೆ ನೇಯ್ತಿದ್ದರು. ಎಬ್ಬಿಸೋಕೆ ಬಂದ ಪೊಲೀಸರಿಗೆ ಮೊದಲು ದಾರ ಬಿಡಿಸೋದೇ ಕೆಲಸ. 1982ರ ಡಿಸೆಂಬರಿನಲ್ಲಿ ಸುಮಾರು 30,000 ಹೆಂಗಸರು ಕೈ ಕೈ ಹಿಡಿದು ಆ ನೆಲೆಯನ್ನು ಸುತ್ತುವರಿದರು, ಬೇಲಿ ತುಂಬ ಮಕ್ಕಳ ಅಂಗಿ, ಫೋಟೋ, ದಾರದ ಕೆಲಸ ಕಟ್ಟಿ ಹೋದರು.

ನಮ್ಮ ರಾಜ್ಯದಲ್ಲೂ ಬಟ್ಟೆ ಬೀದಿಗೆ ಬಂದಿದೆ. ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಶುರು ಮಾಡಿದ 'ಬ್ಲ್ಯಾಂಕ್ ನಾಯ್ಸ್' ಗೊತ್ತಿರಬಹುದು. ಬೀದಿಯಲ್ಲಿ ಯಾರೋ ಕೈ ಹಾಕಿದ ದಿನ ನೀನು ಏನು ತೊಟ್ಟಿದ್ದೆಯೋ ಆ ಬಟ್ಟೆ ತಂದುಕೊಡು ಅಂತ ಕೇಳಿದರು. ಬಂದದ್ದು ಸಲ್ವಾರ್, ಶಾಲೆ ಯೂನಿಫಾರ್ಮ್, ಸಾದಾ ಸೀರೆ. 'ಅಂಥಾ ಬಟ್ಟಿ ಹಾಕಿದ್ರ ಹಂಗ ಆಗೂದ' ಅನ್ನೋರ ಎದುರಿಗೆ ಆ ಬಟ್ಟೆಗಳನ್ನೇ ಸಾಕ್ಷಿ ನಿಲ್ಲಿಸಿದರು.

ಇಲ್ಲಿಗೆ ಜಗತ್ತು ಸುತ್ತಿದ್ದು ಸಾಕು. ನಮ್ಮ ಆಲದ ಮರಕ್ಕೆ ವಾಪಸ್ ಬರೋಣ.

ನಾನು ಚಿಕ್ಕವಳಿದ್ದಾಗ ಹುಣ್ಣಿವಿ ದಿನ ಬೆಳಗ್ಗೆ ನಮ್ಮ ಮನೆಯಲ್ಲಿ ನೂಲಿನ ಉಂಡಿ ತಯಾರು ಮಾಡ್ತಿದ್ದವರು ನಮ್ಮ ಅತ್ತಿ, ಅಪ್ಪನ ಅಕ್ಕ. ಅಂಗಡಿಯಿಂದ ತಂದ ಲಡಿ ಬಿಚ್ಚಿ, ಮೊಣಕಾಲಿಗೆ ಹಾಕ್ಕೊಂಡು, ಗಂಟು ಬೀಳದ ಹಾಗೆ ಉಂಡಿ ಸುತ್ತೋದು ಅವರ ಕೈಗಷ್ಟೇ ಬರ್ತಿತ್ತು. ಅವ್ವ, ಚಿಗವ್ವ, ಓಣಿಯ ಇನ್ನೂ ನಾಲ್ಕು ಮನೆಯವರು ಬಂದು ಉಂಡಿ ಇಸ್ಕೊಂಡು ಹೋಗ್ತಿದ್ದರು. ಅತ್ತಿ ಮಾತ್ರ ಹೊಸ್ತಿಲ ಒಳಗೇ ನಿಂತು, 'ನಡು ಹರೀಲಾರದಂಗ ಸುತ್ತ್ರಿ' ಅಂತ ಹೇಳಿ ಒಳಗೆ ಹೋಗ್ತಿದ್ದರು. 24ನೇ ವಯಸ್ಸಿಗೆ ಗಂಡನ್ನ ಕಳಕೊಂಡು ತವರಿಗೆ ಬಂದವರು ಅವರು. ಯಾರೂ ಅವರಿಗೆ ಬರಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಹೇಳೋ ಜರೂರೇ ಇರಲಿಲ್ಲ.

ಈ ನೂಲು ಏನ್ ಹೇಳುತ್ತೆ ಅಂತ ನನಗೆ ಅರ್ಥ ಆಗಿದ್ದು ಬಹಳ ತಡವಾಗಿ. ಗಂಡನ ಆಯುಷ್ಯಕ್ಕೆ ಸುತ್ತೋದು ಅಂತೀವಿ. ಸಾವಿತ್ರಿ ಯಮನ ಬೆನ್ನು ಹತ್ತಿ ಗಂಡನ ಜೀವ ವಾಪಸ್ ತಂದಳು, ಅದು ಆಲದ ಮರದ ಕೆಳಗೆ ಆಯ್ತು, ಕಥೆ ನಿಮಗೆ ಗೊತ್ತೇ ಇದೆ. ಆದರೆ ಬೀದಿಯಲ್ಲಿ ನಿಂತು ನೋಡೋರಿಗೆ ಅದು ಒಂದು ಪಟ್ಟಿ ಹಾಗೆ ಕಾಣುತ್ತೆ. ಈ ಊರಲ್ಲಿ ಮುತ್ತೈದೆ ಯಾರು, ಅಲ್ಲದವರು ಯಾರು ಅನ್ನೋದನ್ನ ವರ್ಷಕ್ಕೊಮ್ಮೆ ಎಲ್ಲರ ಕಣ್ಣಮುಂದೆ ಬರೆದು ಹಾಕೋ ಪಟ್ಟಿ. ಗ್ರೀನ್‌ಹ್ಯಾಮ್ ಬೇಲಿಯ ದಾರ ಒಂದು ಪ್ರಶ್ನೆ ಕೇಳ್ತಿತ್ತು. ನಮ್ಮ ಮರದ ದಾರ ಉತ್ತರ ಕೊಟ್ಟುಬಿಟ್ಟಿದೆ. ಮರಕ್ಕೆ ಸುತ್ತಿದ ಮೇಲೆ ಅದು ನೂಲಲ್ಲ, ಬೇಲಿ. (ಈ ಮಾತು ಹೇಳಿದ್ದಕ್ಕೆ ನಮ್ಮ ಅವ್ವ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಅವ್ವನ ನಂಬಿಕೆನ ನಾನು ಹೀಯಾಳಿಸ್ತಾ ಇಲ್ಲ. ಆಕೆ ಆ ದಿನ ಉಪವಾಸ ಇರೋದು ಸುಳ್ಳಲ್ಲ.)

ಇನ್ನೊಂದು ಹುಣ್ಣಿವಿ ಇದೆ ನಮ್ಮ ಕಡೆ. ಚಳಿಗಾಲದ ಹೊಸ್ತಿಲ ಹುಣ್ಣಿವಿ. ಅವತ್ತು ಸವದತ್ತಿ ಎಲ್ಲವ್ವ ವಿಧವೆ ಆಗ್ತಾಳೆ, ದೇವಿಯ ಬಳೆ ಒಡೀತಾರೆ. ಅದಕ್ಕೆ ಜನರ ಬಾಯಲ್ಲಿ ಇನ್ನೊಂದು ಹೆಸರೂ ಐತಿ, ಅದೇ ಶಬ್ದ ನಮ್ಮಲ್ಲಿ ಬೈಗುಳ ಆಗಿಯೂ ನಡೆಯುತ್ತೆ, ಹಾಗಾಗಿ ಇಲ್ಲಿ ಹೇಳಲ್ಲ. ಎರಡು ತಿಂಗಳ ನಂತರ ಭಾರತ ಹುಣ್ಣಿವಿಗೆ ಎಲ್ಲವ್ವ ಮತ್ತೆ ಬಳೆ ತೊಟ್ಟು ಮುತ್ತೈದೆ ಆಗ್ತಾಳೆ. ಗುಡ್ಡದ ತುಂಬ ಜಾತ್ರೆ, ಭಂಡಾರ, ಉಧೋ ಉಧೋ. ನಮ್ಮ ಐದೂ ತಾಲೂಕಿನಿಂದ ಜನ ಗಾಡಿ ಕಟ್ಟಿಕೊಂಡು ಹೋಗೋ ಜಾತ್ರೆ ಅದು. ಒಮ್ಮೆ ಅತ್ತಿ ಕಾಳು ಹಸನು ಮಾಡ್ತಾ ಹಗೂರ್ಕೆ ಹೇಳಿದ್ದರು: 'ಎಲ್ಲವ್ವಗ ಎರಡು ತಿಂಗಳದಾಗ ಭಾರತ ಹುಣ್ಣಿವಿ ಬರತೈತಿ ನೋಡ ಯವ್ವಾ.' ಅಷ್ಟೇ ಹೇಳಿ ಸುಮ್ಮನಾದರು. ಉಳಿದದ್ದನ್ನ ನಾನು ತಿಳ್ಕೊಂಡೆ.

ಅದೇ ಎಲ್ಲವ್ವನ ಹೆಸರಿನಲ್ಲಿ ಕೆಂಪು ಬಿಳಿ ಮಣಿಯ ಮುತ್ತು ಪೋಣಿಸಿ ಹುಡುಗಿಯರ ಕೊರಳಿಗೆ ಕಟ್ಟಿ ಬಿಡ್ತಿದ್ದರು. ಆಕೆಗೆ ಗಂಡ ಇಲ್ಲ, ಹಾಗಾಗಿ ವಿಧವೆಯೂ ಆಗಲ್ಲ, ನಿತ್ಯ ಮುತ್ತೈದೆ. ಕೇಳೋಕೆ ದೊಡ್ಡ ಮರ್ಯಾದೆ ಹಾಗೆ ಕಾಣುತ್ತೆ. ಆ ಮರ್ಯಾದೆಗೆ ತೆತ್ತ ಬೆಲೆ ಎಷ್ಟು ಅಂತ ಅಥಣಿ, ರಾಯಬಾಗದ ಕೇರಿಗಳಲ್ಲಿ ವಯಸ್ಸಾದವರನ್ನ ಕೇಳಿ. ಒಂದು ಎಳೆ ದಾರ ಕೊರಳಿಗೆ ಬಿದ್ದರೆ ಒಂದು ಬದುಕು, ಹರಿದರೆ ಇನ್ನೊಂದು ಬದುಕು, ಬೇರೆ ಮಣಿ ಇದ್ದರೆ ಮತ್ತೊಂದು. ಗಂಡಸರ ಕೊರಳಲ್ಲಿ ಇಂಥ ಬೋರ್ಡ್ ಯಾವುದೂ ಇಲ್ಲ.

ಸರಿ, ಇದರಾಗ ಇತಿಹಾಸ ಎಲ್ಲಿ ಅಂತೀರಾ? ಬರ್ತಾ ಇದೆ. ಯಾಕಂದ್ರೆ ನೂಲಿಗೂ ವಿಧವೆಗೂ ಇರೋ ಸಂಬಂಧ ಹಬ್ಬದ್ದಷ್ಟೇ ಅಲ್ಲ, ಹೊಟ್ಟೆಯದ್ದು.

ಗಿರಣಿ ಬರೋ ಮೊದಲು ಈ ದೇಶದಲ್ಲಿ ನೇಯೋದು ಬಹುಮಟ್ಟಿಗೆ ಗಂಡಸರ ಕಸುಬು, ನೂಲೋದು ಹೆಂಗಸರ ಕೆಲಸ. ಅದರಲ್ಲೂ ಗಂಡ ಇಲ್ಲದ, ಮನೆ ಬಿಟ್ಟು ಹೊರಗೆ ಹೋಗೋಕೆ ಬಿಡದ ಹೆಂಗಸಿಗೆ ರಾಟಿ ಒಂದೇ ಆಧಾರ. 1828ರಲ್ಲಿ ಬಂಗಾಳದ 'ಸಮಾಚಾರ ದರ್ಪಣ' ಪತ್ರಿಕೆಗೆ ಶಾಂತಿಪುರದ ಒಬ್ಬ ನೂಲುವ ಹೆಂಗಸಿನ ಪತ್ರ ಬಂತು. 22ನೇ ವಯಸ್ಸಿಗೆ ವಿಧವೆ, ಮೂರು ಹೆಣ್ಣುಮಕ್ಕಳು. ಗಂಡನ ಕರ್ಮ ಮಾಡೋಕೆ ಒಡವೆ ಮಾರಿದ್ದಾಯ್ತು. ಆಮೇಲೆ ರಾಟಿ ಹಿಡಿದಳು. ನೇಕಾರರೇ ಮನೆ ಬಾಗಿಲಿಗೆ ಬಂದು ನೂಲು ಒಯ್ತಿದ್ದರು. ಅದರಲ್ಲೇ ಸಂಸಾರ ಸಾಕಿದಳು, ಮಕ್ಕಳ ಮದುವೆ ಮಾಡಿದಳು. ಈಗ ಮೂರು ವರ್ಷದಿಂದ ಯಾರೂ ಬರ್ತಿಲ್ಲ, ವಿಲಾಯತಿ ನೂಲು ಸೋವಿಯಾಗಿ ಬಂದಿದೆ, ಅಂತ ಆಕೆಯ ದುಃಖ. ಆ ಪತ್ರದಲ್ಲಿ ಒಂದು ಮಾತು ನನ್ನನ್ನ ಬಿಡ್ತಾ ಇಲ್ಲ. ಆಕೆಗೆ ಯಂತ್ರದ ಸುದ್ದಿ ಗೊತ್ತಿಲ್ಲ. ಇಷ್ಟು ಅಗ್ಗಕ್ಕೆ ನೂಲು ಮಾರ್ತಾರೆ ಅಂದ್ರೆ ಆ ದೇಶದಲ್ಲಿ ನನಗಿಂತ ಗತಿಗೆಟ್ಟ ಹೆಂಗಸರು ಇದ್ದಾರಲ್ಲ ದೇವರೇ, ಅಂತ ಹಣೆ ಬಡ್ಕೋತಾಳೆ. ತನ್ನ ಅನ್ನ ಕಸಕೊಂಡವರಿಗಾಗಿ ಮರುಗ್ತಾಳೆ. ನೂರು ವರ್ಷ ಆದಮೇಲೆ ಆ ಪತ್ರ ಗಾಂಧಿಯವರ ಕೈಗೂ ಬಂತು, ಅವರು ಅದನ್ನ ತಮ್ಮ ಪತ್ರಿಕೆಯಲ್ಲಿ ಮತ್ತೆ ಅಚ್ಚು ಹಾಕಿದರು.

ಗಾಂಧಿ ಅಂದ್ರೆ ಚರಕ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಆ ಚರಕ ಹುಡುಕಿಕೊಟ್ಟದ್ದು ಯಾರು? ಗಾಂಧಿಯೇ ಆತ್ಮಕಥೆಯಲ್ಲಿ ಒಪ್ಕೊಂಡಿದ್ದಾರೆ: 1909ರಲ್ಲಿ 'ಹಿಂದ್ ಸ್ವರಾಜ್' ಬರೆಯೋವಾಗ ಅವರು ರಾಟಿಯನ್ನ ಕಣ್ಣಿಂದ ನೋಡಿಯೇ ಇರಲಿಲ್ಲ. ಆಮೇಲೆ ಆಶ್ರಮದಲ್ಲಿ ಮಗ್ಗ ಹಾಕಿದರು, ನೂಲು ಮಾತ್ರ ಗಿರಣಿಯದ್ದು. ರಾಟಿ ಎಲ್ಲೂ ಸಿಗಲಿಲ್ಲ. 1917ರಲ್ಲಿ ಭರೂಚ್‌ನಲ್ಲಿ ಅವರಿಗೆ ಗಂಗಾಬೆನ್ ಮಜುಮದಾರ್ ಭೇಟಿಯಾದರು. ವಿಧವೆ. ಅಸ್ಪೃಶ್ಯತೆಯನ್ನ ಆಗಲೇ ಬಿಟ್ಟಾಕಿದ್ದ, ಕುದುರೆ ಮೇಲೆ ಒಬ್ಬರೇ ಓಡಾಡ್ತಿದ್ದ ಗಟ್ಟಿಗಿತ್ತಿ. ಗುಜರಾತ್ ಎಲ್ಲ ಸುತ್ತಿ, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅಟ್ಟದ ಮೇಲೆ ಬಿಸಾಕಿದ್ದ ರಾಟಿಗಳನ್ನ ಅವರು ಪತ್ತೆ ಹಚ್ಚಿದರು. ಹಂಜಿ ತಂದುಕೊಟ್ಟರೆ, ನೂತದ್ದನ್ನ ಕೊಂಡುಕೊಂಡರೆ ಮತ್ತೆ ನೂಲ್ತೀವಿ ಅಂದ್ರು ಆ ಮನೆಗಳ ಹೆಂಗಸರು. ಖಾದಿ ಶುರುವಾಗಿದ್ದು ಹಾಗೆ. ನನ್ನ ಶಾಲೆ ಪುಸ್ತಕದಲ್ಲಿ ಗಂಗಾಬೆನ್ ಹೆಸರು ಇರಲಿಲ್ಲ.

ಆ ನೂಲು ಏಳು ವರ್ಷದಲ್ಲಿ ನಮ್ಮ ಜಿಲ್ಲೆಗೆ ಬಂತು. 1924ರ ಡಿಸೆಂಬರ್ 26, 27. ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ. ಹುದಲಿಯ ಗಂಗಾಧರರಾವ್ ದೇಶಪಾಂಡೆ ಅದರ ಹೊಣೆ ಹೊತ್ತಿದ್ದರು. ಶತಮಾನೋತ್ಸವದ ಹೊತ್ತಿಗೆ ಈ ಕಥೆ ಎಲ್ಲ ಚಾನೆಲ್‌ನಲ್ಲೂ ಬಂತು, ಹಾಗಾಗಿ ಬಾವಿ, ಮಂಟಪ, ಮೆರವಣಿಗೆ ಬಿಟ್ಟುಬಿಡ್ತೀನಿ. ನನಗೆ ಬೇಕಾಗಿರೋದು ಅಲ್ಲಿ ಪಾಸಾದ ಒಂದು ನಿಯಮ. ಅಲ್ಲಿವರೆಗೆ ಕಾಂಗ್ರೆಸ್ ಸದಸ್ಯ ಆಗೋಕೆ ವರ್ಷಕ್ಕೆ ನಾಲ್ಕಾಣೆ ಕೊಡಬೇಕಿತ್ತು. ಬೆಳಗಾವಿಯಲ್ಲಿ ಅದನ್ನ ತೆಗೆದು ಹಾಕಿದರು. ಸದಸ್ಯತ್ವ ಬೇಕಾ? ತಿಂಗಳಿಗೆ 2,000 ಗಜ ನೂಲು ಕೊಡಿ, ಒಂದೇ ಹದವಾಗಿ ನೂತದ್ದು.

2,000 ಗಜ ಅಂದ್ರೆ 1.8 ಕಿಲೋಮೀಟರು. ವರ್ಷಕ್ಕೆ 24,000 ಗಜ, ಅಂದರೆ ಹತ್ತಿರ ಹತ್ತಿರ 22 ಕಿಲೋಮೀಟರು. ಚಿಕ್ಕೋಡಿಯಲ್ಲಿ ತುದಿ ಕಟ್ಟಿ ಎಳೀತಾ ಹೊರಟರೆ ನಿಪ್ಪಾಣಿ ಹತ್ತಿರ ಬಂದೇಬಿಡ್ತೀರಿ. ಒಬ್ಬ ಸದಸ್ಯನ ಒಂದು ವರ್ಷದ ಚಂದಾ ಅದು!

ಅದರ ಅರ್ಥ ಎಷ್ಟು ದೊಡ್ಡದು ನೋಡಿ. ವಕೀಲರು, ಜಮೀನ್ದಾರರು, ಇಂಗ್ಲಿಷ್ ಭಾಷಣಕಾರರು, ಎಲ್ಲರೂ ಕೂತು ನೂಲಬೇಕು. ಇಷ್ಟು ದಿನ ಮೂಲೆ ಕೋಣೆಯಲ್ಲಿ ತಲೆ ಬೋಳಿಸಿಕೊಂಡು ಕೂತ ಹೆಂಗಸಿನ ಕೆಲಸವನ್ನ ದೇಶದ ದೊಡ್ಡಮನುಷ್ಯರು ಎಲ್ಲರೆದುರು, ಸಭೆಯಲ್ಲಿ, ಬೀದಿಯಲ್ಲಿ ಮಾಡಬೇಕು. ಮತ್ತೆ ಆ ನೂಲಿಗೆ ಮುತ್ತೈದೆ, ವಿಧವೆ ಅನ್ನೋ ಭೇದ ಇರಲಿಲ್ಲ. ಆಲದ ಮರದ ಹತ್ತಿರ ನಮ್ಮ ಅತ್ತಿಯಂಥವರು ಹೋಗೋ ಹಾಗಿರಲಿಲ್ಲ, ಈ ಸಂಘಕ್ಕೆ ಅವರ ಲಡಿ ನಡೀತಿತ್ತು.

ಆದರೆ ಪೂರಾ ಹೇಳಬೇಕಲ್ಲ. ಅದೇ ನಿಯಮದೊಳಗೆ ಒಂದು ಸಂದು ಇತ್ತು. ಆರೋಗ್ಯ ಸರಿ ಇಲ್ಲದಿದ್ದರೆ, ಅಥವಾ ನೂಲೋ ಮನಸ್ಸಿಲ್ಲದಿದ್ದರೆ, ಬೇರೆಯವರು ನೂತ ನೂಲು ತಂದುಕೊಟ್ಟರೂ ನಡೀತದೆ ಅಂತ. ಮನಸ್ಸಿಲ್ಲದವರು ಎಷ್ಟು ಜನ ಇದ್ದಿರಬಹುದು, ನೀವೇ ಲೆಕ್ಕ ಹಾಕಿ. ಅವರಿಗೆ ನೂಲು ನೂತುಕೊಡೋರು ಯಾರು? ಮತ್ತೆ ಅದೇ ಬಡ ಹೆಂಗಸರು. ಉಂಡಿ ಸುತ್ತೋಳು ಒಳಗೆ, ಹೆಸರು ಬರೆಸೋನು ಹೊರಗೆ! ಒಂದು ವರ್ಷ ತುಂಬೋ ಮೊದಲೇ, 1925ರ ಸೆಪ್ಟೆಂಬರಿನಲ್ಲಿ, ಪಾಟ್ನಾದಲ್ಲಿ ನಾಲ್ಕಾಣೆಯನ್ನ ವಾಪಸ್ ತಂದರು. ನೂಲಿನ ಕೆಲಸಕ್ಕೆ ಅಂತಲೇ ಅಖಿಲ ಭಾರತ ಚರಕಾ ಸಂಘ ಬೇರೆ ಮಾಡಿದರು. ಆ ಸಂಘ ನೂಲುವ ಹೆಂಗಸಿಗೆ ಬದುಕೋಕೆ ಆಗುವಷ್ಟು ಕನಿಷ್ಠ ಕೂಲಿ ಕೊಡಬೇಕು ಅಂತ ನಿರ್ಣಯ ಮಾಡೋಕೆ ಮತ್ತೆ ಹತ್ತು ವರ್ಷ ಬೇಕಾಯ್ತು, 1935. ಖಾದಿ ಪವಿತ್ರ ಅಂತ ಹೇಳೋದು ಸುಲಭ ಇತ್ತು. ನೂತವಳಿಗೆ ರೊಕ್ಕ ಕೊಡೋದು ಕಷ್ಟ ಇತ್ತು.

ನಿಪ್ಪಾಣಿಯವರಿಗೆ ಒಂದು ಮಾತು. 1927ರ ಮಾರ್ಚ್ ಕೊನೆಯಲ್ಲಿ ಖಾದಿಗಾಗಿ ರೊಕ್ಕ ಕೂಡಿಸ್ತಾ ಊರೂರು ತಿರುಗ್ತಿದ್ದ ಗಾಂಧಿ ಕೊಲ್ಲಾಪುರದಲ್ಲಿ ಕುಸಿದರು. ಅಲ್ಲಿಂದ ನಿಮ್ಮ ಊರಿಗೆ ಬಂದರು. ರಕ್ತದೊತ್ತಡ ಏರಿದೆ, ಇನ್ನು ಪ್ರವಾಸ ಬೇಡವೇ ಬೇಡ ಅಂದರು ಡಾಕ್ಟರು. ನಿಪ್ಪಾಣಿಯಲ್ಲಿ ಮಲಗಿದ್ದು, ಅಲ್ಲಿಂದ ಅಂಬೋಲಿ, ಆಮೇಲೆ ನಂದಿ ಬೆಟ್ಟ. ನೂಲಿನ ಬೆನ್ನು ಹತ್ತಿದ ಮನುಷ್ಯ ಸುಸ್ತಾಗಿ ಬಿದ್ದದ್ದು ನಮ್ಮ ದಾರಿಯಲ್ಲಿ.

ಅದೇ ನಿಪ್ಪಾಣಿಯಲ್ಲಿ ದಾರದ ಇನ್ನೊಂದು ಕಥೆ ಇದೆ, ಅದು ಎಷ್ಟು ಕಣ್ಣಮುಂದಿದೆ ಅಂದ್ರೆ ನಮಗೆ ಕಾಣೋದೇ ಇಲ್ಲ. ಬೀಡಿ. ಎಲೆ ಕತ್ತರಿಸಿ, ತಂಬಾಕು ಹಾಕಿ, ಸುತ್ತಿ, ಕೊನೆಗೆ ಒಂದು ಎಳೆ ದಾರ ಕಟ್ಟಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಸಾವಿರ ಬೀಡಿ, ಸಾವಿರ ಗಂಟು. ಗಂಡ ಸತ್ತವರು, ಗಂಡ ಬಿಟ್ಟವರು, ಮುತ್ತು ಕಟ್ಟಿಸಿಕೊಂಡವರು, ಎಷ್ಟೋ ಮನೆಗಳ ಒಲೆ ಉರಿಯೋದು ಆ ಗಂಟಿನ ಮೇಲೆ. ತಂಬಾಕು ಕಾರ್ಖಾನೆಯ ಧೂಳಿನಲ್ಲಿ ಕೆಲಸ ಮಾಡ್ತಿದ್ದ ನಿಪ್ಪಾಣಿಯ ಹೆಂಗಸರು ಸಂಘ ಕಟ್ಟಿ ಬೀದಿಗೆ ಬಂದಾಗ, ದೀಪಾ ಧನರಾಜ್ ಮತ್ತು ಸಂಗಾತಿಗಳ 'ಯುಗಾಂತರ' ತಂಡ ಅವರ ಜೊತೆ ಕೂಡಿ 1982ರಲ್ಲಿ ಒಂದು ಚಿಕ್ಕ ಸಿನಿಮಾ ಮಾಡಿತು, 'ತಂಬಾಕು ಚಾಕಿಲಾ ಊಬ್ ಆಲಿ'. ಅದರಲ್ಲಿ ಮಾತಾಡೋರು ನಾಯಕರಲ್ಲ, ಆ ಹೆಂಗಸರೇ. ಸಿಕ್ಕರೆ ನೋಡಿ. ನಿಮ್ಮ ಆಯಿಯ ವಾರಿಗೆಯವರು ಕಾಣ್ತಾರೆ.

ಈಗ ಕಾನೂನಿಗೆ ಬರ್ತೀನಿ, ಬೇಗ ಮುಗಿಸ್ತೀನಿ. ನಮ್ಮ ಐದು ತಾಲೂಕು ಮೊದಲು ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಚಿಕ್ಕೋಡಿ, ಅಥಣಿ ಬ್ರಿಟಿಷರ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆ. ರಾಯಬಾಗ ಕೊಲ್ಲಾಪುರ ಸಂಸ್ಥಾನ. ಬ್ರಿಟಿಷ್ ಕಡೆ ವಿಧವೆ ಮತ್ತೆ ಮದುವೆ ಆಗಬಹುದು ಅಂತ 1856ರಲ್ಲೇ ಕಾನೂನು ಬಂತು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1917ರಲ್ಲಿ ತಂದರು. ಮುತ್ತು ಕಟ್ಟೋದರ ವಿರುದ್ಧ ಮಾತ್ರ ರಾಯಬಾಗ ಮುಂದೆ: ಶಾಹು ಮಹಾರಾಜರ ಕಾನೂನು 1920, ಮುಂಬೈ ಪ್ರಾಂತ್ಯದ್ದು 1934, ಕರ್ನಾಟಕದ್ದು 1982. ಎರಡು ರಾಜ್ಯ, ಬೇರೆ ಬೇರೆ ಕಾನೂನು. ಆದರೆ ಹುಣ್ಣಿವಿ ದಿನ ಎರಡೂ ಕಡೆಯ ಆಲದ ಮರಕ್ಕೆ ಅದೇ ನೂಲು, ಎರಡೂ ಕಡೆ ಅದೇ ಹೆಂಗಸು ಮನೆಯೊಳಗೆ. ಸರ್ಕಾರ ಮದುವೆ ಆಗಬಹುದು ಅಂತ ಹೇಳಬಹುದು. ಮರದ ಹತ್ತಿರ ಬಾ ಅಂತ ಕರೆಯೋದು ಓಣಿಯವರ ಕೈಯಲ್ಲಿ ಇರುತ್ತೆ.

ಓಣಿಯವರು ಕರೆದ ಒಂದು ಊರು ಇದೆ. ಅದನ್ನ ಹೇಳೋಕೇ ಇಷ್ಟು ದೂರ ಬಂದೆ.

ಹೇರವಾಡ. ಶಿರೋಳ ತಾಲೂಕು, ಕೊಲ್ಲಾಪುರ ಜಿಲ್ಲೆ. ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಕಡೆಯವರಿಗೆ ನಕ್ಷೆ ಬೇಕಾಗಿಲ್ಲ, ನಮ್ಮ ಗಡಿಗೆ ಅಂಟಿಕೊಂಡೇ ಇರೋ ಊರು. 2022ರಲ್ಲಿ ಅಲ್ಲಿ ಸರಪಂಚರಾಗಿದ್ದವರ ಹೆಸರು ಸುರಗೊಂಡ ಪಾಟೀಲ, ಹೆಸರಿನಲ್ಲೇ ಕನ್ನಡ ಕೇಳಿಸುತ್ತೆ. 2022ರ ಮೇ 4ಕ್ಕೆ ಆ ಊರಿನ ಪಂಚಾಯಿತಿ ಒಂದು ಠರಾವು ಪಾಸು ಮಾಡಿತು: ಗಂಡ ಸತ್ತಾಗ ಹೆಂಗಸಿನ ಕುಂಕುಮ ಅಳಿಸೋದು, ಬಳೆ ಒಡೆಯೋದು, ಮಂಗಳಸೂತ್ರ ಹರಿಯೋದು, ಕಾಲುಂಗುರ ತೆಗೆಯೋದು, ಇವೆಲ್ಲ ನಮ್ಮ ಊರಲ್ಲಿ ಇನ್ನು ಬಂದ್. ಶಾಹು ಮಹಾರಾಜರು ತೀರಿಕೊಂಡು ನೂರು ವರ್ಷ ತುಂಬಿದ ವಾರ ಅದು. ಕರಮಾಳದ ಪ್ರಮೋದ ಝಿಂಜಾಡೆ ಅನ್ನೋ ಕಾರ್ಯಕರ್ತರು ಈ ವಿಷಯ ಎತ್ತಿಕೊಂಡು ಊರೂರಿಗೆ ಕೇಳ್ತಾ ಇದ್ದರು, ಹೇರವಾಡ ಮೊದಲು ಹೂಂ ಅಂದಿತು. ಕೋವಿಡ್ ಬಂದು ಹೋದ ಹೊತ್ತು. ಎಷ್ಟು ಮನೆಗಳಲ್ಲಿ ಎಷ್ಟು ಬಳೆ ಒಡೆದಿದ್ದವು ಅನ್ನೋದು ಎಲ್ಲರಿಗೂ ನೆನಪಿತ್ತು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ, ಉಳಿದ ಊರುಗಳೂ ಹೇರವಾಡದ ಹಾಗೆ ಮಾಡಿ ಅಂತ ಸುತ್ತೋಲೆ ಹೊರಡಿಸಿತು.

ಠರಾವಿನಲ್ಲಿ ದಂಡ ಇಲ್ಲ, ಜೈಲು ಇಲ್ಲ. ಊರು ಕೂತು ಆಡಿದ ಮಾತು, ಅಷ್ಟೇ. ಕಾಗದದ ಮೇಲಿನ ಮಾತು ಅಂತ ಮೂಗು ಮುರಿದವರೂ ಇದ್ದರು. ನನಗೆ ಹಾಗೆ ಅನಿಸಲ್ಲ. ಒಂದು ಎಳೆ ದಾರ ಹರಿಯೋದು ಮನೆಯೊಳಗಿನ ದುಃಖ ಅಂತ ಇಷ್ಟು ವರ್ಷ ನಡೆದಿತ್ತು. ಅದು ಚರಂಡಿ, ನಲ್ಲಿ ನೀರು, ಬೀದಿ ದೀಪದ ಹಾಗೆ ಪಂಚಾಯಿತಿಯಲ್ಲಿ ಎಲ್ಲರೂ ಮಾತಾಡಬೇಕಾದ ವಿಷಯ ಅಂತ ಒಂದು ಊರು ಬರೆದು ಸಹಿ ಹಾಕಿತು.

ನನಗೆ ಆಗಾಗ ಒಂದು ಆಸೆ ಬರುತ್ತೆ. ಹೊರದೇಶದವರು ಕಂಬಕ್ಕೆ ಸ್ವೆಟರ್ ಹಾಕಲಿ ಬಿಡಿ, ಅದರ ಸಿಂಥೆಟಿಕ್ ದಾರ ಮಳೆಗೆ ಕೊಳೆಯಲ್ಲ, ಹಕ್ಕಿ ಕಾಲಿಗೆ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಅಲ್ಲಿಯ ಜನರೇ ಈಗ ಬೈತಾ ಇದ್ದಾರೆ. ನಮಗೆ ಹೊಸ ಕಂಬವೂ ಬೇಡ, ಹೊಸ ದಾರವೂ ಬೇಡ. ಮರ ಇದೆ, ದಿನ ಇದೆ, ಹತ್ತಿ ನೂಲು ಇದೆ. ಸುತ್ತೋ ಕೈ ಮಾತ್ರ ಬದಲಾಗಬೇಕು. ಉಂಡಿ ಮಾಡಿದವರೇ ಒಂದು ವರ್ಷ ಸುತ್ತಲಿ. ಗಂಡನಿಗಾಗಿ ಬೇಡ. ತಮ್ಮ ಆಯುಷ್ಯಕ್ಕೇ ಸುತ್ತಿಕೊಳ್ಳಲಿ. ಹಾಗೆ ಮಾಡಿದರೆ ಅದು ಪೂಜೆಯೋ ಪ್ರತಿಭಟನೆಯೋ ಅಂತ ಕೇಳ್ತೀರಿ. ಗ್ರೀನ್‌ಹ್ಯಾಮ್ ಹೆಂಗಸರನ್ನೂ ಯಾರೋ ಅದೇ ಥರ ಏನೋ ಕೇಳಿರ್ತಾರೆ.

ಹೇರವಾಡದ ಸುದ್ದಿ ಬಂದ ದಿನ ನಾನು ಊರಲ್ಲಿದ್ದೆ. ಫೋನ್ ಹಿಡ್ಕೊಂಡು ಅಡಿಗಿ ಮನೆಗೆ ಹೋಗಿ ಅತ್ತಿಗೆ ಓದಿ ಹೇಳಿದೆ. ಮರಾಠಿ ಸುದ್ದಿ, ಅವರಿಗೆ ನನಗಿಂತ ಚೆಂದ ಮರಾಠಿ ಬರುತ್ತೆ. ರೊಟ್ಟಿ ಬಡಿಯೋದು ನಿಲ್ಲಿಸದೆ ಪೂರಾ ಕೇಳಿದರು. ಬಳೆ, ಕುಂಕುಮ, ಕಾಲುಂಗುರ, ಒಂದೊಂದಕ್ಕೂ ಹೂಂ ಅಂದ್ರು. ಆಮೇಲೆ ಹಂಚಿನ ಮೇಲಿನ ರೊಟ್ಟಿ ತಿರುವಿ 'ಹುಣ್ಣಿವಿದ್ದು ಏನರೆ ಬರದಾರೇನು?' ಅಂತ ಕೇಳಿದರು.

ಇಲ್ಲ, ಅದರದ್ದು ಏನೂ ಬರೆದಿಲ್ಲ ಅಂದೆ.

'ಹಂಗಾರ ಮುಂದಿನ ತಿಂಗಳದ್ದ ಲಡಿ ತರೂದಕ್ಕ ಮರೀಬ್ಯಾಡ,' ಅಂದ್ರು. 'ಈ ಸಲ ಎರಡು ತಾ.'

ಎರಡು ಯಾಕೆ ಅಂತ ನಾನು ಕೇಳಲಿಲ್ಲ. ತಂದುಕೊಟ್ಟೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಉಂಡಿ ಸುತ್ತೋರು ಯಾರು, ಒಂದು ವಾಯ್ಸ್ ಮೆಸೇಜ್ ಕಳಿಸಿ, ಹೆಸರು ಹೇಳದಿದ್ದರೂ ನಡೀತದೆ. ಮತ್ತೆ ಸಿಗೋಣ್ರಿ.